ಪಿಸ್ಟನ್ ಹಾಕೋಕಿಂತ ಮೊದ್ಲ ಗಾಳಿ ಎಲ್ಲಿಂದ ಹೊಂಟದ ನೋಡ್ರಿ

ಆಳಂದ ಕಡಿ ಹೊಲ ಇದ್ದೋರಿಗೆ ಬಳ್ಳಾರಿ ಜಾಲಿ ಕಾಟ ಹೇಳೋದೇ ಬ್ಯಾಡ. ಕೊಡ್ಲಿ ತಗೊಂಡು ಎಷ್ಟಂತ ಕಡೀಬೇಕು, ಅದಕ್ಕ ಹೋದ ತಿಂಗಳು ಕಟ್ಟಿಗಿ ಕೊಯ್ಯೋ ಒಂದು ಹಳೇ ಚೈನ್‌ಸಾ ತಗೊಂಡೆ, ಮ್ಯಾಲ 58 ಸಿಸಿ ಅಂತ ಬರದದ. ಎರಡು ದಿನ ಛಲೋ ಓಡ್ತು, ಮೂರನೇ ದಿನ ಮಧ್ಯಾಹ್ನ ಬಿಸಿಲಾಗ ಕೈ ಬಿಟ್ರೂ ರೇಸ್ ಇಳೀಲಿಲ್ಲ, ರೊಂಯ್ ಅಂತ ತಾನೇ ಏರಿ ಬಂದಾಗಿಬಿಡ್ತು. ಆಮ್ಯಾಲ ದಾರ ಎಳದ್ರ ಹಗುರ ಬರ್ತದ, ಕಂಪ್ರೆಷನ್ನೇ ಇಲ್ಲ.

ಸೈಲೆನ್ಸರ್ ಬಿಚ್ಚಿ ಆ ತೂತಿನಾಗ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರ ಪಿಸ್ಟನ್ ಮ್ಯಾಲ ಉದ್ದಕ್ಕ ಗೆರಿ. ಸಿಲಿಂಡರ್ ತಗದೆ. ಸೈಲೆನ್ಸರ್ ಕಡಿ ಪಿಸ್ಟನ್ ಪೂರಾ ಕೆರದು ಹೋಗ್ಯದ, ರಿಂಗ್ ಅಲ್ಲೇ ಕಚ್ಕೊಂಡದ, ಆದ್ರ ಕಾರ್ಬೊರೇಟರ್ ಕಡಿ ಲೇತ್‌ನಾಗ ಕಡದ ಸಣ್ಣ ಗೆರಿ ಇನ್ನಾ ಹಂಗೇ ಅವ, ತಲಿ ಮ್ಯಾಲ ಮಸಿನೂ ಸರಿಯಾಗಿ ಹಿಡದಿಲ್ಲ. ಕಾಕಾ ಪಕ್ಕಕ್ಕ ಕುಂತಿದ್ರು, "ಹೊಸ ಪಿಸ್ಟನ್ ಹಾಕಿಬಿಡೋ ತಮ್ಮಾ, ಮುಗೀತು" ಅಂದ್ರು. "ಕಾಕಾ, ಇದೂ ಹೊಸದೇ ಅದ ನೋಡ್ರಿ, ಮಾರಿದೋರು ಹಾಕಿಸ್ಯಾರ, ಮತ್ತ ಹೋಗ್ಯದ" ಅಂದೆ.

ಚೈನ್‌ಸಾದ ಟೂ ಸ್ಟ್ರೋಕ್ ಇಂಜಿನ್‌ನಾಗ ಬೇರೆ ಆಯಿಲ್ ಇರಂಗಿಲ್ಲ, ಪೆಟ್ರೋಲ್ ಜೊತಿ ಬಂದದ್ದೇ ಆಯಿಲ್. ಎಲ್ಲೋ ಒಂದು ಕಡಿ ಬ್ಯಾರೆ ಗಾಳಿ ಎಳಕೊಂಡ್ರ ಪೆಟ್ರೋಲ್ ಕಡಿಮಿ ಬೀಳ್ತದ, ಆಯಿಲ್ಲೂ ಕಡಿಮಿ ಬೀಳ್ತದ, ಬಿಸಿ ಏರ್ತದ, ಪಿಸ್ಟನ್ ಉಬ್ಬಿ ಸಿಲಿಂಡರ್‌ಗೆ ತಿಕ್ತದ. ರೇಸ್ ತಾನೇ ಏರಿದ್ದೂ ಅದಕ್ಕೇ ಇರಬೇಕು ಅನ್ಸ್ತು.

ಆ ಗಾಳಿ ಎಲ್ಲಿಂದ ಅಂತ ಹುಡುಕಬೇಕಂದ್ರ ಕ್ರ್ಯಾಂಕಿನ (ಪಿಸ್ಟನ್‌ನಿಂದ ತಿರುಗೋ ದಂಡದ) ಸೀಲ್ ಕಾಣಬೇಕು, ಅದು ಫ್ಲೈವೀಲ್ ಅನ್ನೋ ಚಕ್ರದ ಹಿಂದ ಇರ್ತದ. ಫ್ಲೈವೀಲ್ ಬಿಚ್ಚೋಕ ಪಿಸ್ಟನ್ ನಿಲ್ಲಿಸಬೇಕಲ್ಲ, ಸಿಲಿಂಡರ್ ವಾಪಸ್ ಬಿಗದು ಪಿಸ್ಟನ್ ಸೈಲೆನ್ಸರ್ ತೂತು ದಾಟಿ ಮ್ಯಾಲ ಬಂದ ಮ್ಯಾಲೇ ಪ್ಲಗ್ ತೂತಿನಾಗ ನೂಲಿನ ಹಗ್ಗ ತುಂಬಿದೆ, ಮೊದ್ಲೇ ತುಂಬಿದ್ರ ತೂತಿಗೆ ಸಿಕ್ಕು ಕತ್ತರಿಸ್ತದ. (ಕ್ಲಚ್ ಬಿಚ್ಚೋರು ಹುಷಾರ್ ರೀ, ಅದು ಉಲ್ಟಾ ಚೂಡಿ, ಗಡಿಯಾರದ ಮುಳ್ಳು ತಿರುಗೋ ಕಡಿ ತಿರುವಿದ್ರೇ ಬಿಚ್ತದ.) ಹಳೇ ಪ್ಲಗ್‌ನ ಪಿಂಗಾಣಿ ಒಡದು ತಗದು ಅದರಾಗ ಸೈಕಲ್ ಟ್ಯೂಬಿನ ವಾಲ್ ಎಂ-ಸೀಲ್ ಹಚ್ಚಿ ಕೂರಿಸಿದೆ. ಕಾರ್ಬೊರೇಟರ್ ತೂತು, ಸೈಲೆನ್ಸರ್ ತೂತು ಎರಡಕ್ಕೂ ಟ್ಯೂಬಿನ ರಬ್ಬರ್ ಇಟ್ಟು ಬಿಗದು, ಪಿಸ್ಟನ್ ಕೆಳಗ ಇಳಿಸಿ, ಪಂಪ್‌ನಿಂದ 7 ಪಿಎಸ್ಐ ಅಷ್ಟೇ ಗಾಳಿ, ಜಾಸ್ತಿ ಹೊಡೀಬ್ಯಾಡ್ರಿ ಸೀಲ್ ಕಿತ್ತು ಬರ್ತವ. ಸಾಬೂನು ನೀರು ಸುರದೆ. ಸಿಲಿಂಡರ್ ಬುಡದ ಪ್ಯಾಕಿಂಗ್ ಕಡಿ ಏನೂ ಇಲ್ಲ. ಫ್ಲೈವೀಲ್ ಕಡಿ ಕ್ರ್ಯಾಂಕಿನ ಸೀಲ್ ಸುತ್ತ ಸಾಸ್ವಿ ಕಾಳಿನಂಥ ಗುಳ್ಳಿ, ಒಂದರ ಹಿಂದ ಒಂದು. ಇಬ್ರೂ ನೋಡ್ಕೋತ ಕುಂತ್ವಿ.

ಸೀಲ್ ಮ್ಯಾಲಿನ ನಂಬರ್ ತೋರಿಸಿ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಬೇರಿಂಗ್ ದುಕಾನ್‌ದಾಗ ಹೊಸದು ತಂದೆ. ಸಿಲಿಂಡರ್‌ಗೆ ಅಂಟಿದ ಅಲ್ಯೂಮಿನಿಯಂ ತಗೀಲಿಕ್ಕೆ ಸಂಡಾಸ್ ತೊಳಿಯೋ ಆಸಿಡ್, ಕಿವಿ ಕಡ್ಡಿಯಿಂದ ಗೆರಿ ಮ್ಯಾಲಷ್ಟೇ ಹಚ್ಚಿದೆ, ಬಯಲಾಗ, ಕೈಗೆ ಗ್ಲೌಸ್ ಹಾಕ್ಕೊಂಡು. ಅಲ್ಯೂಮಿನಿಯಂ ಇರೋತನಕ ನೊರಿ ಬರ್ತದ, ನಿಂತ ಕೂಡ್ಲೇ ನೀರು ಹಾಕಿ ತೊಳದು ಸಣ್ಣ ಪಾಲಿಶ್ ಪೇಪರ್. ಒಳಗಿನ ಲೇಪ ಕಿತ್ತಿದ್ರ ಸಿಲಿಂಡರ್ರೇ ಬದಲಿಸಬೇಕಾಗ್ತಿತ್ತು, ನಮ್ದು ಉಳೀತು.

ಪಿಸ್ಟನ್ ತರೋಕಿಂತ ಮೊದ್ಲ ಹಳೇದು ವರ್ನಿಯರ್‌ನಿಂದ ಅಳೀರಿ, ಸ್ಟಿಕರ್ ನಂಬಬ್ಯಾಡ್ರಿ, 45 ಮತ್ತ 45.2 ಮಿಮೀ ಕಣ್ಣಿಗೆ ಒಂದೇ ಕಾಣ್ತಾವ. ಬಾಣದ ಗುರ್ತು ಸೈಲೆನ್ಸರ್ ಕಡಿ, ರಿಂಗಿನ ಬಾಯಿ ಸಣ್ಣ ಪಿನ್ನಿಗೆ ಕೂಡಬೇಕು, ಪಿಸ್ಟನ್ ಪಿನ್ ಹೊರಗ ಬರದಂಗ ಹಿಡಿಯೋ ಸರ್ಕ್ಲಿಪ್ ಹೊಸವೇ ಹಾಕ್ರಿ. ಪ್ಲಗ್‌ಗೆ ಕರೆಂಟ್ ಕೊಡೋ ಕಾಯಿಲ್‌ಗೂ ಫ್ಲೈವೀಲ್‌ಗೂ ನಡುವ ಸಣ್ಣ ಸಂದು ಉಳೀಲಿ ಅಂತ ವಿಸಿಟಿಂಗ್ ಕಾರ್ಡ್ ಇಟ್ಟು ಬಿಗದೆ.

ಐದನೇ ಎಳತಕ್ಕ ಚಾಲೂ ಆತು. ಜೋರ್ ರೇಸ್‌ನಾಗ ಪೆಟ್ರೋಲ್ ಎಷ್ಟು ಬರಬೇಕು ಅಂತ ಹೊಂದಿಸೋ ಕಾರ್ಬೊರೇಟರಿನ ಹೈ ಸ್ಕ್ರೂ ಸ್ವಲ್ಪ ಬಿಚ್ಚೇ ಇಟ್ಟೀನಿ, ಖಾಲಿ ರೇಸ್‌ನಾಗ ಬುಡುಬುಡು ಅಂತದ, ಕಟ್ಟಿಗಿಗೆ ಹಚ್ಚಿದ್ರ ಸಪ್ಪಳ ಸ್ವಚ್ಛ ಆಗ್ತದ. ಈಗ ಕಾಕಾ ತಮ್ಮ ಹೊಲದ ಬದುವಿಗೆ ಒಯ್ದಾರ. ಲೀಟರ್ ಪೆಟ್ರೋಲಿಗೆ 40 ಎಂಎಲ್ ಆಯಿಲ್, ಸಣ್ಣ ಬಾಟ್ಲಿ ಮ್ಯಾಲ ಪೆನ್ನಿಂದ ಗೆರಿ ಹೊಡದು ಅದನ್ನೂ ಚೀಲದಾಗ ಹಾಕಿ ಕೊಟ್ಟೀನಿ.