ಆ ಕೆಂಪು ಇಂಕು

ಈ ಸೆಮಿಸ್ಟರ್‌ನ ಮೊದಲ ಬಿ.ಎಡ್. ಕ್ಲಾಸಿನಲ್ಲಿ ಸಿದ್ಧಾಂತದ ಮಾತೇ ಎತ್ತಲಿಲ್ಲ. ಒಂದು ಮಗುವಿನ ನೋಟ್‌ಬುಕ್ ಪುಟದ ಜೆರಾಕ್ಸ್ ಹಂಚಿದೆ. ಹೆಸರು ಮುಚ್ಚಿದ್ದೆ. 'ಮರ' ಇರಬೇಕಾದಲ್ಲಿ 'ವರ'. ಒಂದು ಸಾಲಿನಲ್ಲಿ 'ಅಮ್ಮ' ಸರಿಯಾಗಿದೆ, ಅದರ ಕೆಳಗೇ 'ಅಮ'. ದೀರ್ಘಗಳು ಇದ್ದರೆ ಇವೆ, ಇಲ್ಲದಿದ್ದರೆ ಇಲ್ಲ. ಪುಟದ ಅಂಚಿನಲ್ಲಿ ಕೆಂಪು ಇಂಕು: 'ಗಮನವಿಲ್ಲ. ಹತ್ತು ಸಲ ಬರೆ.' ಹುಡುಗ ಬರೆದೂ ಇದ್ದ. ಹತ್ತರಲ್ಲಿ ಏಳು ತಪ್ಪು, ಅದೂ ಒಂದೊಂದು ಒಂದೊಂದು ಥರ.

"ಏನನ್ಸುತ್ತೆ?" ಅಂದೆ.

"ಸೋಮಾರಿ, ಮೇಡಂ."

"ಮನೇಲಿ ಕೂರಿಸಿ ಓದಿಸಲ್ಲ ಅನ್ಸುತ್ತೆ."

ಕಲಿಕಾ ನ್ಯೂನತೆ ಬಗ್ಗೆ ಕಳೆದ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವರು ಇವರೇ. ಬೈಯೋಣ ಅಂದರೆ ನನಗೆ ಬಾಯಿಲ್ಲ. ಆ ಕೆಂಪು ಇಂಕು ನನ್ನದೇ. ಪ್ರೈಮರಿಯಲ್ಲಿ ಪಾಠ ಮಾಡುತ್ತಿದ್ದಾಗಿನ ಪುಟ, ಯಾಕೋ ಎತ್ತಿಟ್ಟುಕೊಂಡಿದ್ದೆ. ಕಥೆ ಹೇಳು ಅಂದರೆ ಇಡೀ ಕ್ಲಾಸನ್ನು ನಗಿಸುತ್ತಿದ್ದ ಹುಡುಗ ಅವನು.

ಆಮೇಲೆ ಪರ್ಸಿಯ ವಿಷಯ ಹೇಳಿದೆ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಅನ್ನುವ ಇಂಗ್ಲಿಷ್ ವೈದ್ಯರು ಹದಿನಾಲ್ಕು ವರ್ಷದ ಈ ಹುಡುಗನ ಬಗ್ಗೆ ಬರೆದರು. ಚುರುಕು ಹುಡುಗ, ಲೆಕ್ಕ ಸಲೀಸು. ಓದು ಮಾತ್ರ ಹತ್ತುತ್ತಿರಲಿಲ್ಲ. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದೆಮುಂದೆ ಮಾಡಿ ಬರೆದಿದ್ದ, ಅದು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಬರೀ ಬಾಯಿಮಾತಲ್ಲಿ ಪಾಠ ಮಾಡಿದರೆ ಶಾಲೆಗೆಲ್ಲ ಇವನೇ ಜಾಣ ಅಂತ ಅವನ ಮೇಷ್ಟ್ರೇ ಹೇಳಿದ್ದರಂತೆ. ಮಕ್ಕಳ ಯೋಚನೆ ಹಂತಹಂತವಾಗಿ ಬೆಳೆಯುತ್ತೆ ಅಂದ ಪಿಯಾಜೆ, ಮಗು ಇನ್ನೊಬ್ಬರ ನೆರವಿನಿಂದ ಕಲಿಯುತ್ತೆ ಅಂದ ವೈಗಾಟ್‌ಸ್ಕಿ, ಇಬ್ಬರೂ ಹುಟ್ಟಿದ್ದು ಅದೇ 1896ರಲ್ಲಿ. ನಮ್ಮ ಸಿಲಬಸ್‌ನಲ್ಲಿ ಮಾತ್ರ ಇವರದ್ದೊಂದು ಪೇಪರ್, ಪರ್ಸಿಯಂಥವರದ್ದು ಇನ್ನೊಂದು. ಎರಡೂ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ ಅಂತ ಯಾರೂ ಹೇಳಲ್ಲ.

ಸರಿ, ಈಗ ಈ ಪುಟಕ್ಕೆ ಸಿದ್ಧಾಂತ ಹಚ್ಚಿ ಅಂದೆ. ಮಾಡಿದ್ದಕ್ಕೆ ಸಿಗುವ ಫಲ ನೋಡಿ ನಡವಳಿಕೆ ಬದಲಾಗುತ್ತೆ ಅಂದ ಸ್ಕಿನ್ನರ್ ಲೆಕ್ಕದಲ್ಲಿ ನನ್ನ ಹುಡುಗ ನಿಜಕ್ಕೂ ಒಂದು ಪಾಠ ಕಲಿತಿದ್ದ: ನೋಟ್‌ಬುಕ್ ಮನೇಲಿ ಮರೆತು ಬಂದರೆ ಬೈಗುಳ ಒಂದೇ ಸಲಕ್ಕೆ ಮುಗಿಯುತ್ತೆ! ಪಿಯಾಜೆ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರಲ್ಲ ಅಂತ ನನ್ನ ಅನಿಸಿಕೆ. ಹುಡುಗನ ಯೋಚನೆಯಲ್ಲಿ ಏನೂ ಕೊರತೆ ಇರಲಿಲ್ಲ. ವೈಗಾಟ್‌ಸ್ಕಿ ಬೇಕು. ಒಬ್ಬನೇ ಆದರೆ ಆಗದ್ದು, ಪಕ್ಕದಲ್ಲಿ ಯಾರಾದರೂ ಕೂತರೆ ಎಷ್ಟು ಆಗುತ್ತೆ? 'ಅಮ್ಮ'ವನ್ನು ಬಾಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿ, ಚಪ್ಪಾಳೆ ತಟ್ಟಿ, ಬಿಲ್ಲೆಗಳನ್ನು ಜೋಡಿಸಿ, ಆಮೇಲೆ ಪೆನ್ಸಿಲ್ ಕೊಟ್ಟರೆ? ನಾನು ಕೊಟ್ಟಿದ್ದು ಬರೀ ಪೆನ್ಸಿಲ್.

ಅಷ್ಟರಲ್ಲಿ ಒಬ್ಬ "ಹಾಗಾದ್ರೆ ಇದು ಡಿಸ್ಲೆಕ್ಸಿಯಾ" ಅಂತ, ಅಂದರೆ ಓದು-ಬರಹ ಹತ್ತದ ಕಲಿಕಾ ನ್ಯೂನತೆ ಅಂತ, ತೀರ್ಪು ಕೊಟ್ಟೇಬಿಟ್ಟ. ಸೋಮಾರಿ ಅನ್ನುವ ಚೀಟಿ ಕಿತ್ತು ಇನ್ನೊಂದು ಅಂಟಿಸಿದ ಹಾಗಾಯ್ತು ಅಲ್ವಾ? ಒಂದು ಪುಟ ನೋಡಿ ಹೇಳುವ ಮಾತಲ್ಲ ಅದು. ಕಣ್ಣು, ಕಿವಿ ನೋಡಿಸಬೇಕು. ಪರೀಕ್ಷಿಸಿ ಹೇಳುವ ತಜ್ಞರು ಬೇರೆ ಇದ್ದಾರೆ. ನಾವು ಅವರಿಗೆ ಏನು ಕಂಡಿತು ಅಂತ ಸರಿಯಾಗಿ ಹೇಳಿದರೆ ಸಾಕು.

ಹಿಂದಿನ ಬೆಂಚಿನ ಹುಡುಗಿ ಆ ಜೆರಾಕ್ಸನ್ನು ಇನ್ನೂ ನೋಡುತ್ತಲೇ ಇದ್ದಳು. "ಮೇಡಂ, ಇವನ ಲೆಕ್ಕದ ನೋಟ್‌ಬುಕ್ ಇದೆಯಾ?"

ಇರಲಿಲ್ಲ. ಆಗ ಅದನ್ನು ತೆರೆದು ನೋಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.