ಕಾಯಿಲೆ ನನ್ನದು, ಲೆಕ್ಕ ಇಬ್ಬರದು

"ಅಲ್ಲಿ ಸರ್ಕಾರವೇ ಕೂರಿಸಿ ಅನ್ನ ಹಾಕುತ್ತಂತೆ, ನಿನಗೇನು ಚಿಂತೆ ಬಿಡೇ" ಅಂತ ಚಿಕ್ಕಮ್ಮ ಫೋನಿನಲ್ಲಿ ಹೇಳುತ್ತಲೇ ಇರುತ್ತಾರೆ. ಎಂ.ಎಸ್. (ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ) ಬಂದ ಮೇಲೆ ನಾನು ಮನೆಯಿಂದಲೇ ಒಂದು ಸಣ್ಣ ಅಂಗಡಿಯ ಲೆಕ್ಕ ಬರೆದುಕೊಡುತ್ತೇನೆ, ವಾರಕ್ಕೆ ಎರಡು ದಿನ. ಅಷ್ಟು ಅವರಿಗೆ ಗೊತ್ತು. ಉಳಿದದ್ದನ್ನು ಕೆನಡಾ ಸರ್ಕಾರ ನೋಡಿಕೊಳ್ಳುತ್ತದೆ ಎಂದುಕೊಂಡಿದ್ದಾರೆ. ಕೇಳುವವರು ಅವರೊಬ್ಬರೇ ಅಲ್ಲ, ಅದಕ್ಕೇ ಇಲ್ಲಿ ಬರೆದುಬಿಡುತ್ತೇನೆ.

ಕೆನಡಾ ಡಿಸೆಬಿಲಿಟಿ ಬೆನಿಫಿಟ್ ಹೊಸ ಯೋಜನೆ. ಕಾನೂನು ಪಾಸಾದದ್ದು 2023ರ ಜೂನ್‌ನಲ್ಲಿ. ಮೊದಲ ಕಂತು ಬಂದದ್ದು 2025ರ ಜುಲೈಯಲ್ಲಿ. ಕಡಿಮೆ ಆದಾಯದ, 18ರಿಂದ 64 ವರ್ಷದೊಳಗಿನ ಅಂಗವಿಕಲರಿಗೆ ಇದು. ಶುರುವಿಗೆ ನಿಗದಿಯಾದದ್ದು ತಿಂಗಳಿಗೆ ಹೆಚ್ಚೆಂದರೆ 200 ಡಾಲರ್. ಬಡತನ ಕಡಿಮೆ ಮಾಡುವುದು ಇದರ ಉದ್ದೇಶ ಅಂತ ಕಾನೂನಿನಲ್ಲೇ ಇದೆ. 200 ಡಾಲರ್‌ಗೆ ಯಾರ ಬಡತನ ಎಷ್ಟು ಕಡಿಮೆಯಾಗುತ್ತೆ ಅಂತ ಮಾತ್ರ ಕೇಳಬೇಡಿ.

ಅರ್ಜಿ ಹಾಕುವುದು ಸುಲಭ, ಆದರೆ ಅದಕ್ಕೂ ಮೊದಲು ಇನ್ನೊಂದು ಬಾಗಿಲಿದೆ. ಡಿಸೆಬಿಲಿಟಿ ಟ್ಯಾಕ್ಸ್ ಕ್ರೆಡಿಟ್ ಮಂಜೂರಾಗಿರಬೇಕು. ಅದು ಟ್ಯಾಕ್ಸ್ ಕಡಿಮೆ ಮಾಡುವ ರಿಯಾಯಿತಿ ಅಷ್ಟೇ, ಕೈಗೆ ದುಡ್ಡು ಕೊಡುವುದಿಲ್ಲ. ಟ್ಯಾಕ್ಸ್ ಕಟ್ಟುವಷ್ಟು ಆದಾಯವೇ ಇಲ್ಲದ ಒಂಟಿ ಮನುಷ್ಯನಿಗೆ ಅದು ಬೋಳುತಲೆಗೆ ಬಾಚಣಿಗೆ ಕೊಟ್ಟ ಹಾಗೆ. ಅಂಥವರು ಆ ಫಾರ್ಮಿನ ಗೋಜಿಗೆ ಯಾಕೆ ಹೋಗುತ್ತಾರೆ? ಈಗ ಎಲ್ಲರಿಗಿಂತ ಜಾಸ್ತಿ ದುಡ್ಡು ಬೇಕಾದವರೂ ಅವರೇ.

ಫಾರ್ಮಿನ ಹೆಸರು ಟಿ2201. ಒಂದು ಭಾಗ ನಾವು ತುಂಬಬೇಕು, ಇನ್ನೊಂದನ್ನು ವೈದ್ಯರು. ವೈದ್ಯರು ಫೀಸ್ ಕೇಳಬಹುದು. ಅಲ್ಲಿ ಕಾಯಿಲೆಯ ಹೆಸರಿಗೆ ಅಷ್ಟು ಬೆಲೆಯಿಲ್ಲ. ನಡೆಯುವುದು, ಊಟ ಮಾಡುವುದು, ಬಟ್ಟೆ ಹಾಕಿಕೊಳ್ಳುವುದು, ಇಂಥ ದಿನನಿತ್ಯದ ಕೆಲಸಗಳಲ್ಲಿ ಎಷ್ಟು ತೊಂದರೆ ಅಂತ ನೋಡುತ್ತಾರೆ. ಆ ಕಾಯಿಲೆ ಇಲ್ಲದ ನಿಮ್ಮ ವಯಸ್ಸಿನವರಿಗಿಂತ ಮೂರು ಪಟ್ಟು ಸಮಯ ಬೇಕಾ? ಅದೂ ಶೇ. 90ರಷ್ಟು ಸಮಯ ಹಾಗೇ ಇರುತ್ತಾ?

"ಗುಂಡಿ ಹಾಕಿಕೊಳ್ಳೋಕೆ ಎಷ್ಟು ಹೊತ್ತು ಬೇಕು?" ಅಂತ ಡಾಕ್ಟರ್ ಕೇಳಿದರು. ಯಾರಾದರೂ ಅದನ್ನೆಲ್ಲ ಅಳೆದು ಇಟ್ಟಿರುತ್ತಾರಾ? ಮನೆಗೆ ಬಂದು ಅಳೆದೆವು. ನಮ್ಮನೆಯವರು ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತರು. ನನಗೆ ಬೆರಳ ತುದಿಯಲ್ಲಿ ಜೋಮು. ಗುಂಡಿ ಸಿಕ್ಕರೆ ಕಾಜ ಸಿಗುವುದಿಲ್ಲ. ಕಾಜ ಸಿಕ್ಕಿತು ಅನ್ನುವಷ್ಟರಲ್ಲಿ ಗುಂಡಿ ಜಾರಿರುತ್ತದೆ. ಕಣ್ಣಿನಿಂದ ನೋಡಿಕೊಂಡೇ ಹಾಕಬೇಕು, ಕತ್ತಿನ ಹತ್ತಿರದ್ದಕ್ಕೆ ಕನ್ನಡಿ ಬೇಕು. ಆಮೇಲೆ ಅವರು ತಮ್ಮ ಶರ್ಟ್ ಹಾಕಿಕೊಂಡರು, ನಾನು ಸ್ಟಾಪ್‌ವಾಚ್ ಒತ್ತಿದೆ. ಮೂರು ಪಟ್ಟು ದಾಟಿಯೇ ಹೋಗಿತ್ತು. ಇಬ್ಬರಿಗೂ ಖುಷಿಯಾಯಿತು. ಎಂಥ ಖುಷಿ ನೋಡಿ!

ಎಂ.ಎಸ್. ಒಂದೇ ಥರ ಇರುವ ಕಾಯಿಲೆಯಲ್ಲ. ಒಂದು ವಾರ ಮೆಟ್ಟಿಲು ಹತ್ತುತ್ತೇನೆ, ಇನ್ನೊಂದು ವಾರ ಬಚ್ಚಲಿಗೆ ಹೋಗಲೂ ಗೋಡೆ ಬೇಕು. ಹೀಗಿರುವವರಿಗೆ ಆ ಶೇ. 90ರ ಪ್ರಶ್ನೆ ದೊಡ್ಡ ತಲೆನೋವು. ನನಗೆ ಬೆರಳುಗಳ ಜೋಮು ಬಿಡದೇ ಇರುವುದರಿಂದ ದಾಟಿದೆ. ಅಂತೂ ಮಂಜೂರಾಯಿತು.

ಆಮೇಲೆ ಬಂತು ಆದಾಯದ ಲೆಕ್ಕ. ನನ್ನ ತಕರಾರು ಇರುವುದು ಇಲ್ಲೇ. ಗುಂಡಿ ಹಾಕಲಾಗದ ಕೈ ನನ್ನೊಬ್ಬಳದು. ಆದಾಯ ಮಾತ್ರ ಗಂಡ ಹೆಂಡತಿ ಇಬ್ಬರದೂ ಸೇರಿಸುತ್ತಾರೆ. ಶುರುವಿನ ನಿಯಮದಲ್ಲಿ ಒಂಟಿಯಾಗಿರುವವರಿಗೆ ಮಿತಿ 23,000 ಡಾಲರ್, ದುಡಿದ ದುಡ್ಡಿನಲ್ಲಿ 10,000ದವರೆಗೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಂಪತಿಗೆ 32,500 ಮತ್ತು 14,000. ಮಿತಿ ದಾಟಿದ ಪ್ರತಿ ಡಾಲರ್‌ಗೆ 20 ಸೆಂಟ್ ಕಡಿತ. ನಮ್ಮಿಬ್ಬರದೂ ಸೇರಿ 52,500. ಅದರಲ್ಲಿ 14,000 ಕಳೆಯಿರಿ, ಮಿತಿಗಿಂತ 6,000 ಜಾಸ್ತಿ. ವರ್ಷಕ್ಕೆ 1,200 ಹೋಯಿತು. ನನಗೆ ಬರುವುದು ತಿಂಗಳಿಗೆ 100. ನಾನು ಒಬ್ಬಳೇ ಇದ್ದು ನನ್ನ ಈ ಎರಡು ದಿನದ ದುಡಿಮೆಯಷ್ಟೇ ಇದ್ದಿದ್ದರೆ ಪೂರ್ತಿ 200 ಬರುತ್ತಿತ್ತು. ಹಾಗಾದರೆ ನಾನು ಔಷಧಿಗೆ, ಟ್ಯಾಕ್ಸಿ ಬಾಡಿಗೆಗೆ, ಒಂದು ಜೊತೆ ಒಳ್ಳೆಯ ಚಪ್ಪಲಿಗೆ ಗಂಡನ ಹತ್ತಿರವೇ ಕೈಚಾಚಬೇಕು ಅಂತ ಸರ್ಕಾರವೇ ತೀರ್ಮಾನ ಮಾಡಿದಂತಾಯಿತು, ಅಲ್ವಾ? ನಮ್ಮನೆಯವರು ಒಳ್ಳೆಯವರು, ಸರಿ. ಎಲ್ಲರ ಮನೆಯಲ್ಲೂ ಹಾಗಿರುತ್ತಾ?

ಗಾಲಿಕುರ್ಚಿಯಲ್ಲಿರುವ ನನ್ನ ಗೆಳತಿ ಮದುವೆ ಮುಂದೂಡುತ್ತಲೇ ಇದ್ದಾಳೆ. ಮದುವೆಯಾಗದೆ ಜೊತೆಗಿದ್ದರೂ 12 ತಿಂಗಳಾದರೆ ದಂಪತಿ ಲೆಕ್ಕವೇ. ಅವಳಿಗೆ ಒಂಟಾರಿಯೊ ಪ್ರಾಂತ್ಯದ ನೆರವೂ ಇದೆ. ಒಬ್ಬರಿಗೆ 2025ರ ಜುಲೈಯಿಂದ ಹೆಚ್ಚೆಂದರೆ ತಿಂಗಳಿಗೆ 1,408 ಡಾಲರ್. ಪುಣ್ಯಕ್ಕೆ ಒಂಟಾರಿಯೊ ಹೊಸ 200ನ್ನು ಅದರಿಂದ ಕಳೆಯುವುದಿಲ್ಲ. ಆಲ್ಬರ್ಟಾ ಪ್ರಾಂತ್ಯದವರು ಮಾತ್ರ ತಮ್ಮ ನೆರವಿನಿಂದ ಅಷ್ಟನ್ನೂ ಕಳೆಯುತ್ತೇವೆ ಎಂದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು ಅಂದರೆ ಇದೇ.

ಅರ್ಜಿ ಹಾಕುವವರು ಇದ್ದರೆ ಕೇಳಿ: ಇಬ್ಬರೂ ಹಿಂದಿನ ವರ್ಷದ ಟ್ಯಾಕ್ಸ್ ರಿಟರ್ನ್ ಸಲ್ಲಿಸಿರಬೇಕು, ಆದಾಯ ಸೊನ್ನೆಯಿದ್ದರೂ. ಪ್ರತಿ ಜುಲೈಗೆ ಹೊಸ ಲೆಕ್ಕ. ತಡವಾಗಿ ಹಾಕಿದರೆ ಹಿಂದಿನ 24 ತಿಂಗಳವರೆಗಿನ ಬಾಕಿ ಕೊಡುತ್ತಾರೆ, ಆದರೆ 2025ರ ಜುಲೈಗಿಂತ ಹಿಂದಿನದು ಇಲ್ಲ.

ಈ ವರ್ಷ ನಮ್ಮನೆಯವರಿಗೆ ಓವರ್‌ಟೈಮ್ ಸಿಕ್ಕಿದೆ, 3,000 ಡಾಲರ್ ಆಗಬಹುದು. ಅದರಲ್ಲಿ 600 ನನ್ನ ಪಾಲಿನಿಂದ ಹೋಗುತ್ತದೆ, ತಿಂಗಳ 100 ಮುಂದಿನ ಜುಲೈಗೆ ಹೆಚ್ಚುಕಡಿಮೆ 50 ಆಗುತ್ತದೆ. ಓವರ್‌ಟೈಮ್ ಬೇಡ ಎನ್ನಲಾ ಎಂದು ಕೇಳಿದರು. ಸುಮ್ನೆ ಹೋಗಿ ಮಾಡಿ ಅಂದೆ.