ಕೃತಕ ರಕ್ತನಾಳಕ್ಕೆ ಸೋಂಕು ತಗುಲಿದಾಗ

ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಶಿವಮೊಗ್ಗದಲ್ಲಿ ನನಗೆ ತೋರಿಸಿದ ತೊಡೆಸಂದಿನ ಗಾಯದ ಬಾಯಿ ತೀರ ಚಿಕ್ಕದಾಗಿತ್ತು. ಪಕ್ಕದಲ್ಲಿ ಬೆರಳಿಟ್ಟು ಒತ್ತಿದರೆ ತೆಳುವಾದ ಕೀವು ಜಿನುಗುತ್ತಿತ್ತು, ಅದೇ ಬೆರಳಿಗೆ ನಾಡಿಯ ಮಿಡಿತವೂ ಸಿಗುತ್ತಿತ್ತು. ಬೀಡಿಯ ದೆಸೆಯಿಂದ ಕಾಲಿನ ರಕ್ತನಾಳಗಳು ಕಟ್ಟಿಹೋಗಿದ್ದರಿಂದ ಅವರಿಗೆ ಕೆಲವು ವರ್ಷಗಳ ಹಿಂದೆ ಹೊಟ್ಟೆಯೊಳಗಿನ ಮಹಾಪಧಮನಿಯಿಂದ ಎರಡೂ ತೊಡೆಗಳಿಗೆ ಡೇಕ್ರಾನ್ ಗ್ರಾಫ್ಟ್, ಅಂದರೆ ಪಾಲಿಯೆಸ್ಟರ್ ನೂಲಿನ ಕೃತಕ ರಕ್ತನಾಳ, ಜೋಡಿಸಲಾಗಿತ್ತು. "ಕುರು ಅಷ್ಟೇ ಡಾಕ್ಟ್ರೇ, ಮಳೆ ಬಿಟ್ಟ ಮೇಲೆ ಒಣಗ್ತದೆ" ಎಂದರು.

ಗ್ರಾಫ್ಟ್ ಇರುವವರ ತೊಡೆಸಂದಿನಲ್ಲಿ ಒಸರುವ ಗಾಯವನ್ನು ಗ್ರಾಫ್ಟಿನ ಸೋಂಕೆಂದೇ ಮೊದಲು ಶಂಕಿಸಬೇಕು. ಚರ್ಮದ ಮೇಲೆ ನಿರುಪದ್ರವಿಯಾಗಿರುವ ಸ್ಟಫೈಲೋಕಾಕಸ್ ಎಪಿಡರ್ಮಿಡಿಸ್ ಎಂಬ ಬ್ಯಾಕ್ಟೀರಿಯಾ ಕೃತಕ ನೂಲಿನ ಮೇಲೆ ಲೋಳೆಯ ಪದರ ಕಟ್ಟಿಕೊಂಡು ವರ್ಷಗಟ್ಟಲೆ ಸದ್ದಿಲ್ಲದೆ ಉಳಿಯಬಲ್ಲದು. ನಮ್ಮ ಅಂಗಳದ ಮಳೆಗಾಲದ ಪಾಚಿ ನೀರು ಸುರಿದರೆ ಹೋಗದೆ ಕೆರೆದರಷ್ಟೇ ಹೋಗುವಂತೆ, ಈ ಸೋಂಕು ಬರೀ ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗುವುದು ಅಪರೂಪ; ಸಾಮಾನ್ಯವಾಗಿ ಗ್ರಾಫ್ಟನ್ನೇ ತೆಗೆಯಬೇಕಾಗುತ್ತದೆ.

ತೆಗೆದ ಮೇಲೆ ಕಾಲಿಗೆ ರಕ್ತ ಹೋಗುವ ದಾರಿ ಯಾವುದು ಎಂಬ ಪ್ರಶ್ನೆಗೆ ಅಮೆರಿಕದ ಡಲ್ಲಾಸ್‌ನ ಪ್ಯಾಟ್ರಿಕ್ ಕ್ಲಾಗೆಟ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಉತ್ತರ, ರೋಗಿಯ ತೊಡೆಯ ಆಳದ ಫೆಮೊರಲ್ ಅಭಿಧಮನಿ. ಕಾಲಿನ ಬೈಪಾಸಿಗೆ ಬಳಸುವ ಚರ್ಮದಡಿಯ ಸಫೀನಸ್ ಅಭಿಧಮನಿ ಹೊಟ್ಟೆಯೊಳಗಿನ ಈ ಕೆಲಸಕ್ಕೆ ತೀರ ಸಪುರ; ಆಳದ್ದಾದರೋ ಸುಮಾರು ಒಂದು ಸೆಂಟಿಮೀಟರ್ ಅಗಲವಿರುತ್ತದೆ. ಅದರೊಳಗಿನ ಕವಾಟಗಳು ರಕ್ತಕ್ಕೆ ಅಡ್ಡಬರದಂತೆ ಅವುಗಳನ್ನು ಕತ್ತರಿಸಬೇಕು, ಇಲ್ಲವೇ ನಾಳವನ್ನು ತಿರುಗುಮುರುಗಾಗಿಸಿ ಹೊಲಿಯಬೇಕು. ಜೀವಂತ ಅಂಗಾಂಶವಾದ್ದರಿಂದ ಕೀವಿದ್ದ ಜಾಗದಲ್ಲೂ ಅದು ಸೋಂಕನ್ನು ಕೃತಕ ನಾಳಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ.

ಅಭಿಧಮನಿಯನ್ನೇ ತೆಗೆದರೆ ಕಾಲಿನ ಗತಿಯೇನು ಎಂದು ಮನೆಯವರು ಕೇಳುವುದು ಸಹಜ. ತೊಡೆಯ ಸ್ನಾಯುಗಳ ನಡುವಿನಿಂದ ಬರುವ ಪ್ರೊಫಂಡಾ ಎಂಬ ಇನ್ನೊಂದು ಅಭಿಧಮನಿಯನ್ನು ಉಳಿಸಿಕೊಂಡರೆ ರಕ್ತ ಅದರ ಮೂಲಕ ಮರಳುತ್ತದೆ. ಕೆಲಕಾಲ ಕಾಲು ಊದಿಕೊಳ್ಳಬಹುದು, ಕೆಲವರಿಗೆ ಒತ್ತಡ ಇಳಿಸಲು ಮೀನಖಂಡದ ಸ್ನಾಯುಪೊರೆ ಸೀಳಬೇಕಾದೀತು. ಶಸ್ತ್ರಚಿಕಿತ್ಸೆ ಇಡೀ ದಿನ ಹಿಡಿಯಬಹುದಾದ್ದರಿಂದ, ಸೋಂಕು ತಗುಲಿದ ಗ್ರಾಫ್ಟ್ ಒತ್ತಿ ಕರುಳಿಗೆ ತೂತಾಗಿ ರಕ್ತ ವಾಂತಿ ಮಾಡುತ್ತಿರುವವರಿಗೆ ಇದು ಬಹುಮಟ್ಟಿಗೆ ಒಗ್ಗುವುದಿಲ್ಲ. ತಡಮಾಡಬೇಡಿ ಎಂದು ನಾನು ಗೋಗರೆಯುವುದು ಇದಕ್ಕಾಗಿಯೇ.

ಅವರನ್ನು ರಕ್ತನಾಳ ತಜ್ಞರಿರುವ ಆಸ್ಪತ್ರೆಗೆ ಕಳಿಸುವಾಗ ಹಳೆಯ ಡಿಸ್ಚಾರ್ಜ್ ಕಾಗದ ಒಯ್ಯಲು ಹೇಳಿದೆ. ಕಾಲಿನ ಅಭಿಧಮನಿಗಳು ಬಳಸಲು ಯೋಗ್ಯವೇ ಎಂದು ನೋಡಲು ಡಾಪ್ಲರ್ ಸ್ಕ್ಯಾನ್ ಆಗಬೇಕೆಂದು ಪತ್ರದಲ್ಲಿ ಬರೆದೆ. ಜ್ವರವಿರಲಿಲ್ಲವಾದ್ದರಿಂದ, ಕೀವನ್ನು ರೋಗಾಣು ಪತ್ತೆಯ ಕಲ್ಚರ್‌ಗೆ ಕೊಡುವ ತನಕ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ ಎಂದೂ ತಿಳಿಸಿದೆ.